ದುಃಖಿಸುವುದು ಈಮಾನಿನ ಕೊರತೆಯಲ್ಲ



ಆಂಬುಲೆನ್ಸಿನ ಸದ್ದು ಕೇಳಿದೊಡನೆ ನಿಮ್ಮ ಮನೆಯಲ್ಲಿ ಯಾರಾದರೂ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಸುಮ್ಮನಾಗುತ್ತಾರೆಯೇ? ಹೊರಗಿನಿಂದ ತಂದ ಹಾಲಿನ ಪ್ಯಾಕೇಟನ್ನು ಇಂದಿಗೂ ಸಾಬೂನು ಹಚ್ಚಿ ತೊಳೆಯುವವರಿದ್ದಾರೆಯೇ? ಕೊರೋನಾ ಕಾಲದಲ್ಲಿ ತೀರಿಕೊಂಡವರ ಮಾತು ಬಂದರೆ ಎದ್ದು ಒಳಗೆ ಹೋಗುವ ಮಗನೋ ಸೊಸೆಯೋ ಇದ್ದಾರೆಯೇ? ಇದ್ದರೆ ಈ ಬರಹವನ್ನು ಅವರ ಹತ್ತಿರ ಕುಳಿತು ಓದಿರಿ. ನಿಮ್ಮ ಮನೆಯಲ್ಲಿ ಅಂಥವರಿಲ್ಲವೆಂದಾದರೆ ನೆರೆಮನೆಯಲ್ಲಿ ಇರಬಹುದು.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೊರೋನಾವನ್ನು ಜಾಗತಿಕ ಪಿಡುಗೆಂದು ಸಾರಿತು. ಅದರ ಹಿಂದಿನ ದಿನವಷ್ಟೇ ಕಲಬುರಗಿಯ ವೃದ್ಧರೊಬ್ಬರು ಕೊನೆಯುಸಿರೆಳೆದಿದ್ದರು. ದೇಶದಲ್ಲಿ ಈ ರೋಗದ ಮೊದಲ ಸಾವೆಂದು ದಾಖಲಾದದ್ದು ಅದೇ. ಮೂರು ವರ್ಷಗಳ ಬಳಿಕ, 2023ರ ಮೇ 5ರಂದು, ತುರ್ತು ಪರಿಸ್ಥಿತಿ ಮುಗಿಯಿತೆಂದು ಅದೇ ಸಂಸ್ಥೆ ಹೇಳಿತು. ಮಾಸ್ಕುಗಳು ಕಪಾಟು ಸೇರಿದವು. ಮಸೀದಿಯ ಸಾಲುಗಳಲ್ಲಿ ಮತ್ತೆ ಭುಜಕ್ಕೆ ಭುಜ ತಾಗಿತು. ಆದರೆ ಶ್ವಾಸಕೋಶವನ್ನು ಬಿಟ್ಟುಹೋದ ರೋಗವು ಮನಸ್ಸನ್ನೂ ಬಿಟ್ಟುಹೋಯಿತೆಂದು ಯಾವ ಸಂಸ್ಥೆಯೂ ಹೇಳಿಲ್ಲ. 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ತೀವ್ರ ಖಿನ್ನತೆಗೆ ಒಳಗಾದವರು 5 ಕೋಟಿ 30 ಲಕ್ಷದಷ್ಟು, ಆತಂಕದ ಕಾಯಿಲೆಗೆ ಒಳಗಾದವರು 7 ಕೋಟಿ 60 ಲಕ್ಷದಷ್ಟು ಹೆಚ್ಚಾದರೆಂದು 2021ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿತು. ಸ್ತ್ರೀಯರ ಮೇಲೆ ಮತ್ತು ಯುವಜನರ ಮೇಲೆ ಅದರ ಹೊಡೆತ ಹೆಚ್ಚು ಬಿದ್ದಿತ್ತು. ಚಿಂತೆಗೂ ಚಿತೆಗೂ ಒಂದು ಸೊನ್ನೆಯ ಅಂತರವೆಂದು ನಾಡಿನ ಹಿರಿಯರು ಹೇಳುವುದುಂಟು. ನಮ್ಮಲ್ಲಿ ಚಿತೆಯಿಲ್ಲ, ಖಬರ್ ಇದೆ. ಮಾತು ಮಾತ್ರ ನಮಗೂ ಅನ್ವಯಿಸುತ್ತದೆ.

ನಾನೊಬ್ಬ ಮದ್ರಸ ಅಧ್ಯಾಪಕ. ಇತರರಿಗೆ ಉಪದೇಶಿಸುವ ಮುನ್ನ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದಿಡಬೇಕಾಗಿದೆ.

2021ರ ಮೇ ತಿಂಗಳು. ಎರಡನೇ ಅಲೆಯ ದಿನಗಳು. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದೊಳಗೆ 20ಕ್ಕೂ ಹೆಚ್ಚು ರೋಗಿಗಳು ಮೃತಪಟ್ಟ ಸುದ್ದಿಯನ್ನು ಓದಿ ಊರೆಲ್ಲ ನಡುಗಿತ್ತು. ಆ ದಿನಗಳಲ್ಲಿಯೇ ನಮ್ಮ ಜಮಾಅತಿನ ಒಬ್ಬರು ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಮಗ ನನ್ನ ವಿದ್ಯಾರ್ಥಿಯೊಬ್ಬನ ತಂದೆ. ಅವರಿಗೂ ಸೋಂಕು ತಗಲಿ ಮನೆಯ ಒಂದು ಕೋಣೆಯಲ್ಲಿ ಬೇರೆಯಾಗಿ ಮಲಗಿದ್ದರು. ಮಯ್ಯಿತ್ ಚೀಲದೊಳಗೆ ಬಂತು. ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು ತೊಟ್ಟ ಐವರು ಯುವಕರು ರಾತ್ರಿ ಹನ್ನೊಂದರ ಹೊತ್ತಿಗೆ ದಫನ ಮಾಡಿದರು. ಆ ಯುವಕರಿಗೆ ಅಲ್ಲಾಹನು ತಕ್ಕ ಪ್ರತಿಫಲ ನೀಡಲಿ. ಹೆತ್ತ ಮಕ್ಕಳೇ ಹತ್ತಿರ ಬರಲಾಗದಿದ್ದ ದಿನಗಳಲ್ಲಿ ಅವರು ಜಾತಿ ಮತ ನೋಡದೆ ಶವಗಳಿಗೆ ಹೆಗಲು ಕೊಟ್ಟರು. ಮಗ ಅದನ್ನೆಲ್ಲ ಮೊಬೈಲಿನ ಪರದೆಯಲ್ಲಿ ನೋಡಿದರು. ತಂದೆಯ ಮುಖವನ್ನು ನೋಡಲಿಲ್ಲ. ಖಬರಿಗೆ ಮೂರು ಹಿಡಿ ಮಣ್ಣು ಹಾಕಲಿಲ್ಲ.

ಎರಡು ತಿಂಗಳ ಬಳಿಕ ಒಂದು ಸಂಜೆ, ಮಗ್ರಿಬ್ ಮತ್ತು ಇಶಾದ ನಡುವೆ, ಅವರು ನನ್ನ ಬಳಿ ಬಂದು ಕುಳಿತರು.

"ಉಸ್ತಾದ್, ರಾತ್ರಿ ನಿದ್ದೆ ಬರುವುದಿಲ್ಲ. ಕಣ್ಣು ಮುಚ್ಚಿದರೆ ಆ ಚೀಲ ಕಾಣುತ್ತದೆ. ಅದರೊಳಗೆ ಇದ್ದದ್ದು ತಂದೆಯೇ ಹೌದೋ ಅಲ್ಲವೋ ಎಂದು ಅನುಮಾನ ಬರುತ್ತದೆ" ಎಂದರು.

ಅವರು ಮಾತನಾಡಿದ್ದು ಎರಡು ನಿಮಿಷ. ಆಮೇಲೆ ನಾನು ಹತ್ತು ನಿಮಿಷ ಮಾತನಾಡಿದೆ. ಪಿಡುಗಿನಲ್ಲಿ ಸತ್ತವರಿಗೆ ಶಹೀದರ ಪದವಿಯಿದೆಯೆಂದೆ. ಸಬ್ರ್ ವಹಿಸಬೇಕೆಂದೆ. ಮೂರು ದಿನಕ್ಕಿಂತ ಹೆಚ್ಚು ಶೋಕಾಚರಣೆ ಮಾಡಬಾರದೆಂಬ ಹದೀಸನ್ನು ನೆನಪಿಸಿದೆ. ಕೊನೆಗೆ, ಈಮಾನ್ ಗಟ್ಟಿಯಿದ್ದವನಿಗೆ ಇಂತಹ ಯೋಚನೆಗಳು ಬರುವುದಿಲ್ಲವೆಂದೂ ಹೇಳಿಬಿಟ್ಟೆ. "ಸರಿ ಉಸ್ತಾದ್" ಎಂದು ಅವರು ಎದ್ದು ಹೋದರು. ಆ ಮೇಲೆ ನನ್ನ ಬಳಿ ಬರಲಿಲ್ಲ. ಅವರು ವುಝೂ ಮಾಡಲು ಸ್ನಾನಗೃಹಕ್ಕೆ ಹೋದರೆ ಒಂದು ಗಂಟೆ ಹೊರಗೆ ಬರುವುದಿಲ್ಲ, ಕೈಯ ಚರ್ಮ ಸುಲಿದುಹೋಗಿದೆ ಎಂಬುದು ಅವರ ಪತ್ನಿ ನನ್ನ ಪತ್ನಿಯೊಡನೆ ಕಣ್ಣೀರಿಟ್ಟಾಗ ತಿಳಿಯಿತು. ಅಷ್ಟರಲ್ಲಿ ಮತ್ತೆ ಆರು ತಿಂಗಳು ಕಳೆದಿದ್ದವು.

ನಾನು ಹೇಳಿದ ಮಾತುಗಳಲ್ಲಿ ಸುಳ್ಳು ಯಾವುದಿತ್ತು ಎಂದು ಆ ರಾತ್ರಿ ಕಿತಾಬುಗಳನ್ನು ತೆರೆದು ಕುಳಿತೆ. ಮೂರು ದಿನಗಳ ಹದೀಸು ಸತ್ಯವೇ. ಆದರೆ ಅದು ನಿಷೇಧಿಸುವುದು ಅಲಂಕಾರ, ಸುಗಂಧ ಮುಂತಾದುವನ್ನು ತ್ಯಜಿಸಿ ಬಹಿರಂಗವಾಗಿ ಆಚರಿಸುವ ಶೋಕವನ್ನು. ಪತಿಯನ್ನು ಕಳಕೊಂಡ ಸ್ತ್ರೀಗೆ ಅದರಲ್ಲಿಯೂ ವಿನಾಯಿತಿಯಿದೆ. ಎದೆಯೊಳಗಿನ ದುಃಖಕ್ಕೆ ಶರೀಅತ್ ಮೂರು ದಿನಗಳ ಗಡುವನ್ನು ಎಲ್ಲಿಯೂ ಹಾಕಿಲ್ಲ. ಹಾಕಿದ್ದು ನಾನು.

ಯಾಕೂಬ್‌ರನ್ನು(ಅ) ನೆನೆಯಿರಿ. ಪುತ್ರ ಯೂಸುಫ್(ಅ) ಕಣ್ಮರೆಯಾದ ದಿನ, ರಕ್ತ ಹಚ್ಚಿದ ಅಂಗಿಯನ್ನು ಕಂಡು, ಸುಂದರವಾದ ಸಹನೆಯನ್ನು ವಹಿಸುವೆನೆಂದು ಹೇಳಿದವರು ಅವರೇ. ಅದೇ ಯಾಕೂಬರು(ಅ) ಆ ಮಗನಿಗಾಗಿ ದುಃಖಿಸಿ ದುಃಖಿಸಿ ಕಣ್ಣುಗಳು ಬೆಳ್ಳಗಾಗಿ ದೃಷ್ಟಿ ಕಳಕೊಂಡರೆಂದು ಪವಿತ್ರ ಕುರ್‌ಆನ್ ಅದೇ ಅಧ್ಯಾಯದಲ್ಲಿ ತಿಳಿಸುತ್ತದೆ. ಎರಡೂ ಒಬ್ಬರೇ ವ್ಯಕ್ತಿ, ಅದೂ ಅಲ್ಲಾಹನ ಪ್ರವಾದಿ! ಹಾಗಾದರೆ ಆ ಕಣ್ಣೀರು ಸಹನೆಗೆ ವಿರುದ್ಧವಾಗಿತ್ತೇ? ಅವರ ಈಮಾನಿನಲ್ಲಿ ಕೊರತೆಯಿತ್ತೆಂದು ಹೇಳಲು ನಮ್ಮಲ್ಲಿ ಯಾರಿಗೆ ನಾಲಿಗೆ ಬಂದೀತು? ವರ್ಷಗಳು ಕಳೆದರೂ ಯೂಸುಫನ ನೆನಪನ್ನು ಬಿಡುವುದಿಲ್ಲವಲ್ಲ, ಹೀಗೆಯೇ ಕೊರಗಿ ಹಾಳಾಗುತ್ತೀರಿ ಎಂದು ತಂದೆಯನ್ನು ಆಕ್ಷೇಪಿಸಿದವರು ಯಾರು? ಆ ಗಂಡುಮಕ್ಕಳು. ಅಂದು ಸಂಜೆ ನಾನು ಯಾಕೂಬರ(ಅ) ಪಕ್ಷದಲ್ಲಿ ಕುಳಿತಿರಲಿಲ್ಲ, ಆ ಮಕ್ಕಳ ಪಕ್ಷದಲ್ಲಿ ಕುಳಿತಿದ್ದೆ.

ಪ್ರವಾದಿವರ್ಯರ(ಸ) ಜೀವನವನ್ನೇ ನೋಡಿರಿ. ಪತ್ನಿ ಖದೀಜಾ(ರ) ಮತ್ತು ದೊಡ್ಡಪ್ಪ ಅಬೂತಾಲಿಬರು ಅಗಲಿದ ವರ್ಷವನ್ನು ಚರಿತ್ರೆಯು ಇಂದಿಗೂ 'ದುಃಖದ ವರ್ಷ'ವೆಂದೇ ಕರೆಯುತ್ತದೆ. ಹಸುಗೂಸು ಇಬ್ರಾಹೀಮ್ ಕೊನೆಯುಸಿರೆಳೆದಾಗ ಪ್ರವಾದಿವರ್ಯರ(ಸ) ಕಣ್ಣುಗಳಿಂದ ನೀರು ಹರಿಯಿತು. ಅದನ್ನು ಕಂಡು ಅಚ್ಚರಿಪಟ್ಟ ಸಹಾಬಿಗೆ ಅವರು ಅದು ಕರುಣೆಯೆಂದು ತಿಳಿಸಿದರು. ಚಿಂತೆಯಿಂದಲೂ ವ್ಯಥೆಯಿಂದಲೂ ರಕ್ಷಿಸೆಂದು ಅವರು ಪದೇ ಪದೇ ಪ್ರಾರ್ಥಿಸುತ್ತಿದ್ದರು. ಕಳ್ಳನಿಂದಲೋ ಶತ್ರುವಿನಿಂದಲೋ ರಕ್ಷಣೆ ಬೇಡುವಂತೆ ಮನೋವ್ಯಥೆಯಿಂದ ರಕ್ಷಣೆ ಬೇಡಿದರೆಂದರೆ, ಅದೂ ಮನುಷ್ಯನ ಮೇಲೆ ಎರಗುವ ಒಂದು ಆಪತ್ತು ಎಂದಲ್ಲವೇ ಅರ್ಥ? ಆಪತ್ತಿಗೆ ಸಿಲುಕಿದವನನ್ನು ಪಾಪಿಯೆಂದು ಯಾರೂ ಕರೆಯುವುದಿಲ್ಲ.

ಇನ್ನು ಭಯದ ಮಾತು. ಹಿಜರಿ 18ರಲ್ಲಿ ಸಿರಿಯಾ ನಾಡಿನಲ್ಲಿ ಅಮ್ವಾಸ್ ಪ್ಲೇಗ್ ಹಬ್ಬಿತು. ಅತ್ತ ಹೊರಟಿದ್ದ ಖಲೀಫಾ ಉಮರ್(ರ) ಸರ್ಗ್ ಎಂಬಲ್ಲಿ ಸುದ್ದಿ ತಿಳಿದು, ಎಲ್ಲರೊಡನೆ ಸಮಾಲೋಚಿಸಿ ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡುವುದೇ ಎಂದು ಅಬೂ ಉಬೈದಾ(ರ) ಕೇಳಿದರು. ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇನೆ ಎಂಬುದು ಉಮರರ(ರ) ಉತ್ತರದ ಸಾರ. ಪಿಡುಗು ಇರುವ ನಾಡಿಗೆ ಹೋಗಬಾರದು, ಇದ್ದ ನಾಡಿನಿಂದ ಓಡಿಬರಬಾರದು ಎಂಬ ಪ್ರವಾದಿ ವಚನವನ್ನು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು ತಿಳಿಸಿದಾಗ ಉಮರರು(ರ) ಅಲ್ಲಾಹನನ್ನು ಸ್ತುತಿಸಿದರು. ಅಬೂ ಉಬೈದಾ(ರ) ತನ್ನ ಜನರೊಂದಿಗೇ ಉಳಿದು ಅದೇ ರೋಗದಲ್ಲಿ ಮರಣವನ್ನಪ್ಪಿದರು. ಮುಆದ್ ಬಿನ್ ಜಬಲ್(ರ) ಮೊದಲು ಮಗನನ್ನು ಕಳಕೊಂಡು, ಬಳಿಕ ತಾವೂ ಹೋದರು. ಆ ನಂತರ ಹೊಣೆ ವಹಿಸಿದ ಅಮ್ರ್ ಬಿನ್ ಆಸ್(ರ) ಜನರನ್ನು ಬೆಟ್ಟಗಳಿಗೆ ಚದುರಿಹೋಗುವಂತೆ ಮಾಡಿದರು, ಪಿಡುಗು ಇಳಿಯಿತು. ಇವರಲ್ಲಿ ಎಚ್ಚರ ವಹಿಸಿದವರು ಹೇಡಿಗಳೂ ಅಲ್ಲ, ಸತ್ತವರು ಶಪಿತರೂ ಅಲ್ಲ. 2020ರಲ್ಲಿ ನಮ್ಮ ನಡುವೆ ಎಷ್ಟು ಸುಲಭವಾಗಿ ಈ ಎರಡೂ ಮಾತುಗಳು ಕೇಳಿಬಂದವು! ಮಾಸ್ಕು ಹಾಕಿದವನಿಗೆ ತವಕ್ಕುಲ್ ಇಲ್ಲವೆಂದರು. ಸತ್ತವನ ಮನೆಯ ಮೇಲೆ ಅಲ್ಲಾಹನ ಕೋಪವೆಂದರು. ಇಂತಹ ಮಾತುಗಳು ಕಿವಿಗೆ ಬಿದ್ದ ಮನೆಗಳಲ್ಲಿ ಹುಣ್ಣು ಇಂದಿಗೂ ಮಾಗಿಲ್ಲ.

ಹೊರಗಿನಿಂದ ಬಿದ್ದ ಪೆಟ್ಟು ಬೇರೆಯೇ ಇತ್ತು. ದಿಲ್ಲಿಯ ನಿಝಾಮುದ್ದೀನ್ ಪ್ರಕರಣದ ಬಳಿಕ, 2020ರ ಎಪ್ರಿಲ್‌ನಲ್ಲಿ, ರೋಗಕ್ಕೆ ಒಂದು ಸಮುದಾಯದ ಹೆಸರಿಡಲಾಯಿತು. ತಳ್ಳುಗಾಡಿಯಲ್ಲಿ ಹಣ್ಣು ಮಾರುವವನನ್ನು ಹೆಸರು ಕೇಳಿ ಹಿಂದೆ ಕಳುಹಿಸಿದ ಬೀದಿಗಳಿದ್ದವು. ವಿದೇಶೀ ತಬ್ಲೀಗಿಗಳನ್ನು ಬಲಿಪಶು ಮಾಡಲಾಯಿತೆಂಬ ಅಭಿಪ್ರಾಯ ವ್ಯಕ್ತಪಡಿಸಿ ಮುಂಬೈ ಹೈಕೋರ್ಟಿನ ಔರಂಗಾಬಾದ್ ಪೀಠವು ಅದೇ ಆಗಸ್ಟಿನಲ್ಲಿ ಮೊಕದ್ದಮೆಗಳನ್ನು ರದ್ದುಪಡಿಸಿತು. 2025ರ ಜುಲೈಯಲ್ಲಿ ದಿಲ್ಲಿ ಹೈಕೋರ್ಟು 70 ಮಂದಿ ಭಾರತೀಯರ ಮೇಲಿನ ಮೊಕದ್ದಮೆಗಳನ್ನೂ ರದ್ದು ಮಾಡಿತು. ನ್ಯಾಯಾಲಯವು ಆರೋಪವನ್ನು ಅಳಿಸಬಲ್ಲದು. ತನ್ನ ಕೆಮ್ಮಿಗಾಗಿ ಅಲ್ಲ, ತನ್ನ ಹೆಸರಿಗಾಗಿ ಜನ ದೂರ ಸರಿದದ್ದನ್ನು ಕಂಡ ಹುಡುಗನ ಮನಸ್ಸಿನಿಂದ ಅದು ಅಳಿಯಲು ಹೆಚ್ಚು ಕಾಲ ಬೇಕು. ನ್ಯಾಯವಾಗಿ ಹೇಳಬೇಕಾದರೆ ನಾವೂ ವಾಟ್ಸ್‌ಆ್ಯಪಿನಲ್ಲಿ ಬಂದದ್ದನ್ನೆಲ್ಲ ನಂಬಿದೆವು, ಲಸಿಕೆಯ ಬಗ್ಗೆ ಇಲ್ಲದ ಕಥೆಗಳನ್ನು ಹಂಚಿದೆವು. ಸುದ್ದಿ ತಂದವನ ಮಾತನ್ನು ಪರಿಶೀಲಿಸಿ ನೋಡಬೇಕೆಂಬ ಸೂರಃ ಹುಜುರಾತಿನ ಆದೇಶವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾವೇ.

ಗಲ್ಫ್‌ನಿಂದ ಕೆಲಸ ಕಳಕೊಂಡು ಬಂದವರನ್ನು ನೆನೆಯಿರಿ. 2020ರ ಮೇ 12ರಂದು ದುಬೈಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಬಂದಿಳಿಯಿತು. ಪ್ರತಿ ರಜೆಯಲ್ಲಿಯೂ ಪೆಟ್ಟಿಗೆ ಹೊತ್ತು ಬರುವಾಗ ಇಡೀ ಓಣಿ ಎದುರುಗೊಳ್ಳುತ್ತಿದ್ದ ಮನುಷ್ಯನು ಈ ಸಲ ಬಂದಾಗ ಓಣಿಯ ಕಿಟಕಿಗಳು ಮುಚ್ಚಿಕೊಂಡವು. ಮನೆ ನಡೆಸುವವನಾಗಿದ್ದವನು ಮನೆಗೆ ಭಾರವಾದೆನೆಂದು ಕೊರಗುತ್ತಾ ಕುಳಿತದ್ದನ್ನು ನಾವು ಸೋಮಾರಿತನವೆಂದು ಕರೆದೆವು.

ಮಕ್ಕಳ ವಿಷಯವೂ ಅಷ್ಟೇ. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯವರೆಗಿನ ಶಾಲೆಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಒಂದೂವರೆ ವರ್ಷಕ್ಕೂ ಮೀರಿದ ಅವಧಿ. ಮದ್ರಸ ಮತ್ತೆ ಆರಂಭವಾದ ವಾರ ಒಬ್ಬ ಹುಡುಗ ಕೆಮ್ಮನ್ನು ತಡೆದುಕೊಂಡು ಮುಖ ಕೆಂಪಾಗಿ ಕುಳಿತಿದ್ದ. ಕೆಮ್ಮು ಮಗನೇ ಎಂದೆ. ಕೆಮ್ಮಿದರೆ ಉಮ್ಮನನ್ನು ಕರಕೊಂಡು ಹೋಗುತ್ತಾರೆ ಎಂದ! ಏಳು ವರ್ಷದ ಮಗುವಿನ ತಲೆಯಲ್ಲಿ ಈ ಲೆಕ್ಕ ಹೇಗೆ ಕೂತಿತೋ.

ಬಿ.ಎ. ತರಗತಿಯಲ್ಲಿ ನಮಗೆ ಅನಂತಮೂರ್ತಿಯವರ 'ಸಂಸ್ಕಾರ' ಪಾಠವಿತ್ತು. ಪ್ಲೇಗು ಹೊಕ್ಕ ಅಗ್ರಹಾರದಲ್ಲಿ ಒಂದು ಹೆಣ ಅಂತ್ಯಕ್ರಿಯೆಯಿಲ್ಲದೆ ಬಿದ್ದಿರುವ ಕಥೆ. ಅದು ಕಥೆಗಾರರು ಕಟ್ಟಿದ ಇಕ್ಕಟ್ಟೆಂದು ಆಗ ನಾನು ತಿಳಿದಿದ್ದೆ. 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಕೊರೋನಾದಿಂದ ಸತ್ತವರ ದೇಹಗಳನ್ನು ಒಂದೇ ಗುಂಡಿಗೆ ಎಸೆಯುವ ದೃಶ್ಯ ಎಲ್ಲರ ಮೊಬೈಲಿಗೂ ಬಂತು, ಜಿಲ್ಲಾಡಳಿತವು ಕ್ಷಮೆ ಕೇಳಿತು. ಸತ್ತವರನ್ನು ಗೌರವದಿಂದ ಕಳುಹಿಸಿಕೊಡಲಾಗದಿದ್ದರೆ ಬದುಕಿದವರಿಗೆ ಬದುಕುವುದು ಕಷ್ಟವಾಗುತ್ತದೆ. ಸ್ನಾನ ಮಾಡಿಸುವುದು, ಕಫನ್ ತೊಡಿಸುವುದು, ಹೆಗಲು ಕೊಡುವುದು, ಮಣ್ಣು ಹಾಕುವುದು ಮಯ್ಯಿತಿನ ಹಕ್ಕುಗಳೆಂದು ನಾವು ಕಲಿಸುತ್ತೇವೆ. ಮಯ್ಯಿತ್ ಹೊರಟುಹೋದಾಗ ಉಳಿದವರ ಮನಸ್ಸಿಗೆ ಅದನ್ನು ಒಪ್ಪಿಸುವ ದಾರಿಯೂ ಅದೇ ಎಂಬುದು ಆ ದಾರಿ ಮುಚ್ಚಿದಾಗಲೇ ತಿಳಿದದ್ದು.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ ಅಡುಗೆ ಮನೆಗೆ ಹೋಗೋಣ. ಜಅ್‌ಫರ್(ರ) ಹುತಾತ್ಮರಾದಾಗ ಅವರ ಮನೆಯವರಿಗೆ ಆಹಾರ ತಯಾರಿಸಿಕೊಡಲು ಪ್ರವಾದಿವರ್ಯರು(ಸ) ಆದೇಶಿಸಿದ್ದರು. ಆಯಿಶಾ(ರ) ಅವರ ಕ್ರಮವನ್ನು ಹದೀಸುಗಳಲ್ಲಿ ಗಮನವಿಟ್ಟು ಓದಿರಿ. ಕುಟುಂಬದಲ್ಲಿ ಸಾವಾದರೆ ಸ್ತ್ರೀಯರು ಸೇರುತ್ತಿದ್ದರು. ಅವರೆಲ್ಲ ಚದುರಿ ಮನೆಯವರು ಮತ್ತು ತೀರ ಆಪ್ತರು ಮಾತ್ರ ಉಳಿದ ಮೇಲೆ ಆಯಿಶಾ(ರ) ತಲ್‌ಬೀನವನ್ನು, ಅಂದರೆ ಜವೆಗೋಧಿ ಹಿಟ್ಟಿನ ಗಂಜಿಯನ್ನು ಮಾಡಿಸಿ ಉಣ್ಣಿಸುತ್ತಿದ್ದರು. ಅದು ರೋಗಿಯ ಹೃದಯಕ್ಕೆ ನೆಮ್ಮದಿ ನೀಡಿ ದುಃಖವನ್ನು ತುಸು ನೀಗಿಸುತ್ತದೆಂದು ಪ್ರವಾದಿವರ್ಯರಿಂದ(ಸ) ಕೇಳಿದ್ದರು. ತುಸು ಎಂಬ ಮಾತನ್ನು ಗಮನಿಸಿರಿ, ಪೂರ್ತಿ ಎಂದಿಲ್ಲ. ಜನ ಚದುರಿದ ಮೇಲೆ ಎಂಬುದನ್ನೂ ಗಮನಿಸಿರಿ. ನಾವಾದರೋ ಮೂರು ದಿನ ಕುರ್ಚಿ ಹಾಕಿ ಕುಳಿತು, ನಾಲ್ಕನೆಯ ದಿನ ಬೀದಿಯಲ್ಲಿ ಕಂಡರೂ ಕೈಯೆತ್ತಿ ಮುಂದೆ ಹೋಗುತ್ತೇವೆ. ಕೊರೋನಾದ ಮನೆಗಳಿಗೆ ಆ ಮೂರು ದಿನಗಳೂ ಸಿಗಲಿಲ್ಲ. ಆ ಭೇಟಿ ಇಂದಿಗೂ ಬಾಕಿಯಿದೆ. ತಡವಾಯಿತೆಂದು ಸಂಕೋಚಪಡಬೇಡಿರಿ, ಹೋಗಿರಿ, ಸತ್ತವರ ಹೆಸರೆತ್ತಿ ಕೇಳಿರಿ.

ಎರಡನೆಯದು ವೈದ್ಯರು. ದೇಹಕ್ಕೆ ಕಾಯಿಲೆ ಬರುವಂತೆ ಮನಸ್ಸಿಗೂ ಬರುತ್ತದೆ, ಅದಕ್ಕೂ ಚಿಕಿತ್ಸೆಯಿದೆ ಎಂಬುದು ಪಶ್ಚಿಮದವರು ನಿನ್ನೆ ಮೊನ್ನೆ ಕಂಡುಹಿಡಿದದ್ದಲ್ಲ. ಹಿಜರಿ 322ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖೀ ದೇಹ ಮತ್ತು ಮನಸ್ಸುಗಳ ಆರೋಗ್ಯದ ಬಗ್ಗೆ ಗ್ರಂಥವನ್ನೇ ಬರೆದು, ಕಾರಣ ತಿಳಿದ ದುಃಖವನ್ನೂ ಕಾರಣ ತಿಳಿಯದೆ ಆವರಿಸುವ ದುಃಖವನ್ನೂ ಬೇರೆ ಬೇರೆಯಾಗಿ ವಿವರಿಸಿದರು. ಎರಡನೆಯದಕ್ಕೆ ದೇಹದಲ್ಲಿ ಮೂಲವಿದೆ, ಅದಕ್ಕೆ ದೇಹದ ಚಿಕಿತ್ಸೆಯೂ ಬೇಕೆಂದರು. ಆದರೆ ಇಂದು ನಮ್ಮಲ್ಲಿ ಒಬ್ಬ ಹುಡುಗಿ ಊಟ ಬಿಟ್ಟು ಮೂಲೆ ಹಿಡಿದರೆ ಅವಳನ್ನು ಮೊದಲು ಕರೆದೊಯ್ಯುವುದು ಎಲ್ಲಿಗೆಂಬುದು ನಿಮಗೆ ಗೊತ್ತು. ನೂಲು ಕಟ್ಟುವವನ ಬಳಿಗೆ, ಜಿನ್ನ್ ಬಿಡಿಸುತ್ತೇನೆಂದು ಸಾವಿರಾರು ರೂಪಾಯಿ ಕೇಳುವವನ ಬಳಿಗೆ. ಕುರ್‌ಆನ್ ಓದಿ ರೋಗಿಗೆ ಊದುವುದು ಸುನ್ನತ್. ತಾಯಿಯೇ ಮಾಡಬಹುದು, ಅದಕ್ಕೆ ಶುಲ್ಕವಿಲ್ಲ. ಅದು ಔಷಧಿಯ ಬಾಗಿಲನ್ನು ಮುಚ್ಚುವುದೂ ಇಲ್ಲ. ಚಿಕಿತ್ಸೆ ಮಾಡಿಕೊಳ್ಳಿರೆಂಬ ಪ್ರವಾದಿ ಆದೇಶದಲ್ಲಿ ಮಧುಮೇಹಕ್ಕೆ ಮಾತ್ರ ಎಂಬ ಷರತ್ತಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಮಸೀದಿಯ ಫಲಕದಲ್ಲಿ, ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲಿ ಬರೆದು ಹಾಕಿದರೆ ಏನು ಹಾನಿ?

ಇನ್ನೊಂದನ್ನು ಹೇಳಲು ಲೇಖನಿ ಹಿಂಜರಿಯುತ್ತದೆ, ಆದರೂ ಹೇಳಬೇಕು. ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರ ಸಂಖ್ಯೆ 2019ರಲ್ಲಿ 1,39,123 ಇದ್ದದ್ದು 2021ರಲ್ಲಿ 1,64,033ಕ್ಕೇರಿತೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿಗಳು ಹೇಳುತ್ತವೆ. ಎಲ್ಲಕ್ಕೂ ಪಿಡುಗೇ ಕಾರಣವೆನ್ನಲಾಗದು. ಆದರೆ 2021ರಲ್ಲಿ ಆ ನಾಲ್ವರಲ್ಲಿ ಒಬ್ಬರು ದಿನಗೂಲಿಯವರಾಗಿದ್ದರು. ಪ್ರಾಣವು ಅಲ್ಲಾಹನ ಅಮಾನತ್, ಅದನ್ನು ಕೈಯಾರೆ ಕೊನೆಗೊಳಿಸುವುದು ಹರಾಮ್, ಇದರಲ್ಲಿ ಸಂಶಯವಿಲ್ಲ. ಆದರೆ ಸಾಯಬೇಕೆನಿಸುತ್ತದೆ ಎಂದು ಒಬ್ಬರು ಬಾಯಿಬಿಟ್ಟು ಹೇಳಿದಾಗ ನಾವು ಕೊಡಬೇಕಾದ ಮೊದಲ ಉತ್ತರ ಫತ್ವಾ ಅಲ್ಲ. ಮರ್ಯಮ್(ಅ) ಹೆರಿಗೆಯ ನೋವಿನಲ್ಲಿ, ಒಬ್ಬಂಟಿಯಾಗಿ, ಖರ್ಜೂರದ ಮರಕ್ಕೊರಗಿ, ಇದಕ್ಕಿಂತ ಮೊದಲೇ ಸತ್ತುಹೋಗಿದ್ದರೆ ಚೆನ್ನಾಗಿತ್ತೆಂದು ಹಂಬಲಿಸಿದರು. ಆಗ ಬಂದ ಕರೆಯಲ್ಲಿ ಗದರಿಕೆಯಿತ್ತೇ? ದುಃಖಿಸಬೇಡವೆಂಬ ಸಾಂತ್ವನವಿತ್ತು, ಕಾಲಬಳಿ ಹರಿಯುವ ನೀರಿತ್ತು, ಮರವನ್ನು ಅಲುಗಿಸಿದರೆ ಬೀಳುವ ಹಣ್ಣಿತ್ತು. ಜನರಿಗೆ ಉತ್ತರಿಸುವ ಹೊರೆಯನ್ನೂ ಅವರ ಮೇಲಿಂದ ಇಳಿಸಲಾಯಿತು. ಅಂತಹ ಮಾತು ನಿಮ್ಮ ಕಿವಿಗೆ ಬಿದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿರಿ, ಜೊತೆಯಲ್ಲಿ ಕುಳಿತುಕೊಳ್ಳಿರಿ, ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.

ನಾನು ಆರಂಭದಲ್ಲಿ ಹೇಳಿದ ಸಹೋದರರ ಮನೆಗೆ ಕೊನೆಗೂ ಹೋದೆ. ಕ್ಷಮೆ ಕೇಳಿದೆ. ಜಿಲ್ಲಾ ಆಸ್ಪತ್ರೆಗೆ ಜೊತೆಯಾಗಿ ಬಸ್ಸಿನಲ್ಲಿ ಹೋದೆವು. ಕೈ ತೊಳೆಯುತ್ತಲೇ ಇರುವುದು ವಸ್‌ವಾಸಿನ ದೋಷ ಮಾತ್ರವಲ್ಲ, ಗೀಳು ಎಂಬ ಕಾಯಿಲೆಯೆಂದು ವೈದ್ಯರು ವಿವರಿಸಿದರು. ಮಾತ್ರೆ ಬರೆದರು, ವಾರಕ್ಕೊಮ್ಮೆ ಬಂದು ಮಾತನಾಡಲು ಹೇಳಿದರು. ಗುಣವಾಗಲು ವರ್ಷ ಹಿಡಿಯಿತು. ಪೂರ್ತಿ ಗುಣವಾಯಿತೆಂದು ಅವರೂ ಹೇಳುವುದಿಲ್ಲ. ಈಗ ವುಝೂ ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಕಳೆದ ಶಅ್‌ಬಾನಿನಲ್ಲಿ, ಒಂದು ಅಸರ್ ನಮಾಝಿನ ಬಳಿಕ, ಖಬರ್‌ಸ್ತಾನಕ್ಕೆ ಬರುತ್ತೀರಾ ಎಂದು ಅವರೇ ಕೇಳಿದರು. ಗೋಡೆಯ ಪಕ್ಕದಲ್ಲಿ ಆ ವರ್ಷದ ಖಬರುಗಳು ಒತ್ತೊತ್ತಾಗಿವೆ. ಅವರು ಬಾಗಿ ಒಂದು ಹಿಡಿ ಮಣ್ಣನ್ನು ಕೈಗೆತ್ತಿಕೊಂಡು, "ಈಗ ಹಾಕಬಹುದೇ ಉಸ್ತಾದ್?" ಎಂದರು. ಮೂರು ಹಿಡಿ ಮಣ್ಣು ಹಾಕುವುದು ದಫನದ ಹೊತ್ತಿನ ಸುನ್ನತ್ ಎಂಬುದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ತಲೆಯಲ್ಲಾಡಿಸಿ ಪಕ್ಕದಲ್ಲಿ ನಿಂತೆ. ಆಮೇಲೆ ಅವರು ತಂದೆಯ ಬಗ್ಗೆ ಮಾತನಾಡಲು ತೊಡಗಿದರು, ಮೀನು ಮಾರ್ಕೆಟ್ಟಿನಿಂದ ಬರುವಾಗ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬರುತ್ತಿದ್ದದ್ದು, ಬೈಯುವಾಗಲೂ ನಗು ತಡೆಯಲಾಗದಿದ್ದದ್ದು. ಮಗ್ರಿಬ್ ಬಾಂಗ್ ಕೇಳುವವರೆಗೂ ಮಾತನಾಡುತ್ತಲೇ ಇದ್ದರು.